ಹಿನ್ನೆಲೆ ಅಳಿಸುವ ಕೆಲಸ

ನಮ್ಮ ಮನೆಯ ಮಹಡಿಯ ಮೇಲೆ ತಿಂಗಳಿಗೆರಡು ಸಲ ಒಂದು ಹಸಿರು ಬಟ್ಟೆ ಒಣಗುತ್ತದೆ. ಸೀರೆಯಷ್ಟು ಉದ್ದ, ಸೀರೆಗಿಂತ ಅಗಲ. ಅಂಚಿಲ್ಲ, ಸೆರಗಿಲ್ಲ, ಹೆಸರಿಗೊಂದು ಹೂವಿನ ಚಿತ್ರವೂ ಇಲ್ಲ. ಗಿಳಿಗೆ ಹೋಲಿಸೋಣವೆಂದರೆ ಗಿಳಿಯೇ ಬೇಸರ ಮಾಡಿಕೊಂಡೀತು, ಅಷ್ಟು ಕಣ್ಣಿಗೆ ಹೊಡೆಯುವ ಹಸಿರು. ಅಲ್ಲಾಳಸಂದ್ರದ ಕೆರೆಯ ಕಡೆಯಿಂದ ಗಾಳಿ ಬೀಸಿದಾಗ ಅದು ಹಗ್ಗದ ಮೇಲೆ ಉಬ್ಬಿ, ಪಕ್ಕದ ಮನೆಯ ಸೋಲಾರ್ ಹೀಟರನ್ನು ಒಮ್ಮೆ ಮುಟ್ಟಿ ಮಾತಾಡಿಸಿ ಬರುತ್ತದೆ. ಬೀದಿಗೆ ಹೊಸದಾಗಿ ಬಂದವರು ನಮ್ಮದು ಶಾಮಿಯಾನದವರ ಮನೆಯೆಂದು ತಿಳಿದು, ಕುರ್ಚಿ ಬಾಡಿಗೆಗೆ ಸಿಗುತ್ತದೆಯೇ ಎಂದು ಗೇಟು ಬಡಿದದ್ದೂ ಉಂಟು. ಮೂಲೆಯ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿರುವ ಸೆಲ್ವಣ್ಣ ಮಾತ್ರ ವರ್ಷಗಟ್ಟಲೆ ಇದರ ಸುಕ್ಕು ತೆಗೆಯುತ್ತ ಬಂದರೂ ಒಂದು ಮಾತು ಕೇಳಿರಲಿಲ್ಲ. ಕೊನೆಗೊಂದು ದಿನ ತಡೆಯಲಾರದೆ, "ಮೇಡಂ, ತಪ್ಪ್ ತಿಳ್ಕೋಬೇಡಿ, ಇದನ್ನ ಯಾರ್ ಉಟ್ಕೋತಾರೆ?" ಎಂದರು. ಯಾರೂ ಉಡುವುದಿಲ್ಲ, ಇದರ ಮುಂದೆ ನಿಲ್ಲುತ್ತಾರೆ, ಆಮೇಲೆ ನಾನು ಇದನ್ನು ಮಾಯ ಮಾಡುತ್ತೇನೆ ಎಂದೆ. ಸೆಲ್ವಣ್ಣ ಇಸ್ತ್ರಿಪೆಟ್ಟಿಗೆಯನ್ನು ಒಲೆಯಿಂದಿಳಿಸಿದ ಪಾತ್ರೆಯಂತೆ ಪಕ್ಕಕ್ಕಿಟ್ಟು, "ಮಾಯ ಮಾಡೋ ಬಟ್ಟೆಗೆ ಇಸ್ತ್ರಿ ಯಾಕೆ ಮೇಡಂ?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನ್ನ ಕಸುಬನ್ನೇ ಹೇಳಬೇಕು. ನಾನು ಅಲುಗಾಡುವ ಸಣ್ಣ ಚಿತ್ರಗಳನ್ನು ಮಾಡುವವಳು. ಹಬ್ಬದ ಬೆಳಗ್ಗೆ ನಿಮ್ಮ ಫೋನಿಗೆ ಯಾರೋ ಕಳಿಸಿದ ದೀಪ ಮಿಣಮಿಣ ಉರಿದಿದ್ದರೆ, ಕಲ್ಯಾಣಮಂಟಪದ ಪರದೆಯ ಮೇಲೆ ಗಣೇಶ ಕಿವಿ ಬೀಸಿದ್ದರೆ, ಗೃಹಪ್ರವೇಶದ ಕರೆಯೋಲೆಯಲ್ಲಿ ಮಾವಿನ ತೋರಣ ತೂಗಾಡಿದ್ದರೆ, ಮಿತ್ರರೇ, ಅವುಗಳಲ್ಲಿ ಒಂದಾದರೂ ನನ್ನ ಕೈಯಿಂದ ಹೊರಟದ್ದಿರಬಹುದು. ಇವಕ್ಕೆ ಜಿಫ್ ಎನ್ನುತ್ತಾರೆ. ಅಲ್ಲ, ಗಿಫ್ ಎಂದು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ನಮ್ಮತ್ತೆ 'ಕುಣಿಯೋ ಫೋಟೋ' ಎನ್ನುತ್ತಾರೆ, ನನಗೆ ಅದೇ ಹಿತ. ಸಂಜಯನಗರದಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಒಂದರಲ್ಲಿ ಐದು ವರ್ಷ ಕೆಲಸ ಮಾಡಿ ಈ ವಿದ್ಯೆ ಕಲಿತೆ. ಅಲ್ಲಿ ಮೊದಲು ತಿಳಿದ ಸಂಗತಿಯೆಂದರೆ, ಚಿತ್ರವನ್ನು ಕುಣಿಸುವುದು ಯಾರಿಗಾದರೂ ಬರುತ್ತದೆ, ಅದರ ಬೆನ್ನ ಹಿಂದೆ ಏನೂ ಇಲ್ಲದಂತೆ ಮಾಡುವುದರಲ್ಲೇ ಬೆವರು ಇಳಿಯುತ್ತದೆ. ಗಣೇಶನ ಹಿಂದೆ ಗೋಡೆಯಿರಬಾರದು, ಆಕಾಶವಿರಬಾರದು, ಬಿಳಿಯ ಬಣ್ಣವೂ ಇರಬಾರದು. ಹಾಗಿದ್ದರೆ ಮಾತ್ರ ಅವನನ್ನು ಕೆಂಪು ಕರೆಯೋಲೆಯ ಮೇಲಿಟ್ಟರೂ ಸೈ, ನೀಲಿ ಪರದೆಯ ಮೇಲಿಟ್ಟರೂ ಸೈ.

'ಏನೂ ಇಲ್ಲ' ಎಂಬುದನ್ನು ಗಣಕಯಂತ್ರ ತೋರಿಸುವ ರೀತಿಯೂ ಸ್ವಾರಸ್ಯವಾಗಿದೆ. ಖಾಲಿಯನ್ನು ಖಾಲಿಯಾಗಿ ತೋರಿಸಿದರೆ ನಮಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಅದು ಬೂದು ಬಿಳಿ ಚೌಕಳಿ ಹಾಸಿ 'ಇಲ್ಲಿ ಏನೂ ಇಲ್ಲ' ಎಂದು ಸಾರುತ್ತದೆ. ನಮ್ಮತ್ತೆ ಒಮ್ಮೆ ನನ್ನ ಹಿಂದೆ ನಿಂತು ಪರದೆಯನ್ನು ದಿಟ್ಟಿಸಿ, "ಅಲ್ವೇ, ದೇವ್ರ ಹಿಂದೆ ಯಾರದೋ ಲುಂಗಿ ಕಟ್ಟಿದ್ದೀಯಲ್ಲೇ!" ಎಂದು ಗಾಬರಿಯಾದರು. ಅದು ಲುಂಗಿಯಲ್ಲ ಅತ್ತೆ, ಶೂನ್ಯ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಶೂನ್ಯವೆಂದರೆ ಏನೆಂದು ಋಷಿಮುನಿಗಳೇ ತಲೆ ಕೆಡಿಸಿಕೊಂಡಿರುವಾಗ ಅಡುಗೆ ಬಿಟ್ಟು ಬಂದ ನಮ್ಮತ್ತೆಯನ್ನು ಒಪ್ಪಿಸಲು ನಾನು ಯಾರು? ದೇವರ ಚಿತ್ರವಿದ್ದಾಗಲಾದರೂ ಒಂದು ಹಳದಿ ಬಣ್ಣ ತುಂಬಿಕೊಂಡು ಕೆಲಸ ಮಾಡು ಎಂದು ಅಪ್ಪಣೆಯಾಯಿತು. ಈಗಲೂ ಹಾಗೇ ಮಾಡುತ್ತೇನೆ.

ಈ ಕೆಲಸಕ್ಕೊಂದು ಶಾಪವಿದೆ, ಬಿಳಿ ಅಂಚು. ಬಿಳಿ ಹಿನ್ನೆಲೆಯಿಂದ ಕತ್ತರಿಸಿದ ಚಿತ್ರವನ್ನು ಕಪ್ಪಿನ ಮೇಲಿಟ್ಟು ನೋಡಿ: ಸುತ್ತಲೂ ಒಂದು ಬೆಳ್ಳನೆಯ ಗೆರೆ, ಮಗುವಿಗೆ ಅವಸರದಲ್ಲಿ ಸ್ನಾನ ಮಾಡಿಸಿದಾಗ ಕಿವಿಯ ಹಿಂದೆ ಉಳಿದ ಸೋಪಿನ ನೊರೆಯ ಹಾಗೆ. ಎಲ್ಲಿಂದ ಬಂದವೋ ಅಲ್ಲಿಯ ಒಂದಿಷ್ಟನ್ನು ಅಂಟಿಸಿಕೊಂಡೇ ಬರುವುದು ಚಿತ್ರಗಳ ಸ್ವಭಾವ, ಮನುಷ್ಯರದೂ ಅಷ್ಟೇ. ಮನುಷ್ಯರಲ್ಲಿ ಅದನ್ನು ನಾವು ಮೆಚ್ಚಿಕೊಳ್ಳುತ್ತೇವೆ, ಚಿತ್ರಗಳಲ್ಲಿ ಸಹಿಸುವುದಿಲ್ಲ. ನಾನಂತೂ ಸ್ವಲ್ಪವೂ ಸಹಿಸುವವಳಲ್ಲ. ಚಿತ್ರವನ್ನು ಕಟ್ಟಿರುವ ಚುಕ್ಕೆ ಚುಕ್ಕೆಯನ್ನೂ ಹಿಗ್ಗಿಸಿ, ನೊರೆಯನ್ನು ಒರೆಸಿ, ಕತ್ತರಿಯಿಂದ ಕತ್ತರಿಸಿದಷ್ಟು ಚೊಕ್ಕಟ ಮಾಡಿದ ಮೇಲೆಯೇ ನನಗೆ ಅನ್ನ ಸೇರುವುದು. ಸ್ಟುಡಿಯೋದಲ್ಲಿ ನನ್ನನ್ನು 'ಡೆಟಾಲ್ ಅಕ್ಕ' ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ.

ಇನ್ನೊಂದು ತೊಡಕಿದೆ. ಈ ಕುಣಿಯುವ ಫೋಟೋಗಳಲ್ಲಿ ಪ್ರತಿಯೊಂದು ಚುಕ್ಕೆಯೂ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ನಡುವಿನ ದಾರಿಯೇ ಇಲ್ಲ. ಆದರೆ ಲೋಕದ ಚಂದವೆಲ್ಲ ನಡುವಿನದ್ದೇ ಆಗಿರುತ್ತದೆ. ಊದುಬತ್ತಿಯ ಹೊಗೆ, ತೆಳು ಸೀರೆಯ ಸೆರಗು, ಕಿವಿಯ ಬಳಿ ಬಾಚಣಿಗೆಗೆ ಸಿಗದ ನಾಲ್ಕು ಕೂದಲು, ಗಾಜು, ಇವೆಲ್ಲ ಅರ್ಧ ಇರುವ ವಸ್ತುಗಳು. ಊಟಕ್ಕೆ ಕೂತು ಫೋನ್ ನೋಡುತ್ತಿರುವ ಗಂಡಸನ್ನೇ ತೆಗೆದುಕೊಳ್ಳಿ, ಅವನು ಅಲ್ಲಿದ್ದಾನೆಯೇ, ಇಲ್ಲವೇ? ನನ್ನ ಯಂತ್ರವನ್ನು ಕೇಳಿದರೆ ಅದೂ ಉತ್ತರಿಸಲಾರದೆ ಅಂಚಿನಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿಬಿಡುತ್ತದೆ.

ಇಷ್ಟಾದರೂ ಕೆಲಸ ಸಾಗುವುದು ಆ ಹಸಿರು ಬಟ್ಟೆಯ ಕೃಪೆಯಿಂದ. ಮನುಷ್ಯರ ಮೈಯಲ್ಲಿ ಎಲ್ಲೂ ಆ ಬಣ್ಣವಿಲ್ಲ ಎಂಬ ಭರವಸೆಯ ಮೇಲೆ, ಅವರನ್ನು ಅದರ ಮುಂದೆ ನಿಲ್ಲಿಸಿ ವಿಡಿಯೋ ತೆಗೆದು, 'ಹಸಿರು ಕಂಡಲ್ಲೆಲ್ಲ ಅಳಿಸು' ಎಂದು ಯಂತ್ರಕ್ಕೆ ಹೇಳಿದರೆ ಆಯಿತು, ಮನುಷ್ಯ ಉಳಿಯುತ್ತಾನೆ, ಬಟ್ಟೆ ಮಾಯ. ಬಟ್ಟೆಯಲ್ಲಿ ಸುಕ್ಕಿದ್ದರೆ ನೆರಳು ಬೀಳುತ್ತದೆ, ನೆರಳು ಬಿದ್ದಲ್ಲಿ ಹಸಿರು ಕಪ್ಪಾಗುತ್ತದೆ, ಯಂತ್ರ ಅದನ್ನು ಅಳಿಸದೆ ಬಿಡುತ್ತದೆ. ಸೆಲ್ವಣ್ಣನಿಗೆ ಇಷ್ಟನ್ನೂ ಹೇಳಿದಾಗ ಅವರು ಗಂಭೀರವಾಗಿ ತಲೆಯಾಡಿಸಿ, ಅಂದಿನಿಂದ ಆ ಬಟ್ಟೆಗೆ ಎರಡು ಸಲ ಇಸ್ತ್ರಿ ಉಜ್ಜುತ್ತಿದ್ದಾರೆ.

ಹೀಗೆ ಹಸಿರನ್ನು ನಂಬಿಕೊಂಡು ನೆಮ್ಮದಿಯಾಗಿದ್ದ ನನ್ನ ಬಾಳಿಗೆ ರತ್ನಕ್ಕ ಬಂದಳು. ಬಂದಳು ಎಂದೆನೇ? ಅವಳು ಮೊದಲಿಂದಲೂ ಇದ್ದಳು, ಹಿಂದಿನ ಬೀದಿಯಲ್ಲೇ. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ, ಅಲ್ಲಾಳಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿಗೆ ಸೊಸೆಯಾಗಿ ಬಂದವಳು. ಎರಡು ಊರೂ ಬೆಂಗಳೂರಾದವು, ಅವಳ ಮಾತು ಮಾತ್ರ ಆಗಲಿಲ್ಲ. ಗಂಡ ಮುನಿರಾಜಣ್ಣ ಬೋರ್‌ವೆಲ್ ಮೋಟರು ರಿಪೇರಿ ಮಾಡುವವರು, ಮೂವರು ಸೇರಿ ಎತ್ತುವ ಮೋಟರನ್ನು ಒಬ್ಬರೇ ಎತ್ತಿ ಟೆಂಪೋಗೆ ಹಾಕುತ್ತಿದ್ದ ಆಳು. ಮಗಳ ಮದುವೆ ನಿಶ್ಚಯವಾದ ತಿಂಗಳಲ್ಲೇ ಅವರಿಗೆ ಎದೆನೋವು ಬಂದು, ಎದೆ ತೆರೆದು ಆಪರೇಷನ್ ಮಾಡಬೇಕಾಯಿತು. ಬದುಕಿಕೊಂಡರು, ಆದರೆ ಹೆಚ್ಚು ಹೊತ್ತು ನಿಲ್ಲಬೇಡಿ, ಗದ್ದಲಕ್ಕೆ ಹೋಗಬೇಡಿ, ಮದುವೆಯ ದಿನದ ಮಾತು ಅವತ್ತು ನೋಡೋಣ ಎಂದು ಡಾಕ್ಟರು ಹೇಳಿದ್ದರು.

ಅವರ ಕಡೆಯಲ್ಲಿ ಹೆಣ್ಣಿನ ತಂದೆತಾಯಿ ಜೋಡಿಯಾಗಿ ಮಂಟಪದ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು ಒಳಗೆ ಕರೆಯುವುದು ಬಹಳ ಮುಖ್ಯ. ಊಟದಲ್ಲಿ ಉಪ್ಪು ಕಡಿಮೆಯಾದರೂ ಜನ ಮರೆಯುತ್ತಾರೆ, ಬಾಗಿಲಲ್ಲಿ ಕರೆಯದಿದ್ದದ್ದನ್ನು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. "ಒಬ್ಳೇ ನಿಂತ್ಕಂಡ್ರೆ ಬಂದೋರೆಲ್ಲ ಅವ್ರೆಲ್ಲಿ ಅಂತಾರೆ. ಎಷ್ಟ್ ಜನುಕ್ಕೆ ಅಂತ ಏಳ್ಲಿ ಸುಮಾ?" ಎಂದು ರತ್ನಕ್ಕ ನಮ್ಮ ಅಡುಗೆಮನೆಯ ಬಾಗಿಲಿಗೊರಗಿ ಕಣ್ಣೊರೆಸಿಕೊಂಡಳು. ಉಪಾಯ ಹೊಳೆದದ್ದು ಅವಳ ಮಗಳಿಗೆ. ಮಂಟಪದ ಬಾಗಿಲಲ್ಲಿ ಆಳೆತ್ತರದ ಪರದೆಯೊಂದಿತ್ತು, ಅದರಲ್ಲಿ ಮಲ್ಲಿಗೆ, ನವಿಲು, ಜಲಪಾತ ಎಂದು ಹಿನ್ನೆಲೆಗಳು ಬದಲಾಗುತ್ತಲೇ ಇರುತ್ತವೆ. ಅವುಗಳ ಮೇಲೆ ಅಪ್ಪ ಅಮ್ಮ ಜೋಡಿಯಾಗಿ ಕೈಮುಗಿಯುತ್ತಿರುವ ಚಿತ್ರ ಕೂರಿಸಿದರೆ, ಅಪ್ಪ ಬರಲಾಗದಿದ್ದರೂ ಬಾಗಿಲಲ್ಲಿ ಇದ್ದಂತೆಯೇ. ಹಿನ್ನೆಲೆಯಿಲ್ಲದ ಚಿತ್ರ ಬೇಕು ಎಂದರೆ ಅಲ್ಲಾಳಸಂದ್ರದಲ್ಲಿ ಇರುವವಳು ನಾನೊಬ್ಬಳೇ.

ಅವರ ಮನೆಯ ನಡುಮನೆಯಲ್ಲೇ ಹಸಿರು ಬಟ್ಟೆ ಕಟ್ಟಿದೆ. ಹಸಿರು ಸೀರೆ ಉಡಬೇಡ, ಹಸಿರು ರವಿಕೆ ಬೇಡ, ರವಿಕೆಯ ತೋಳಿನ ಅಂಚಿನಲ್ಲೂ ಹಸಿರಿರಬಾರದು ಎಂದು ರತ್ನಕ್ಕನಿಗೆ ಮೂರು ದಿನ ಮುಂಚಿನಿಂದ ಪಾಠ ಹೇಳಿದ್ದೆ. ಅವಳು ಪಾಠ ಒಪ್ಪಿಸುವ ಹುಡುಗಿಯಂತೆ ಕೆಂಪು ರೇಷ್ಮೆ ಸೀರೆಯುಟ್ಟು, ಮೂಗುಬೊಟ್ಟಿನ ಹರಳೂ ಬಿಳಿಯದೇ ಎಂದು ತೋರಿಸಿ ನಿಂತಳು. ಮುನಿರಾಜಣ್ಣ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಜರಿಯ ಶಲ್ಯ. ಎರಡೇ ನಿಮಿಷ ನಿಂತರು. ಕೈಮುಗಿದು, ತುಸು ಬಾಗಿ, ನಕ್ಕು, ಕೈ ಇಳಿಸಿದರು, ಮತ್ತೆ ಕೈಮುಗಿದರು. ಮೂರನೆಯ ಸಲ ಮುನಿರಾಜಣ್ಣ ತೂಗಿದಂತಾದಾಗ ರತ್ನಕ್ಕ ತನ್ನ ಭುಜವನ್ನು ಅವರ ಭುಜದ ಹಿಂದೆ ಸರಿಸಿ, ಯಾರಿಗೂ ಕಾಣದ ಹಾಗೆ ಆನಿಸಿಕೊಂಡಳು. ನನಗೆ ಬೇಕಾದ ನಾಲ್ಕು ಸೆಕೆಂಡು ಸಿಕ್ಕಿತ್ತು, ಸೆಕೆಂಡಿಗೆ ಹನ್ನೆರಡರಂತೆ ನಲವತ್ತೆಂಟು ಚಿತ್ರಗಳು.

ಮನೆಗೆ ಬಂದು ಯಂತ್ರಕ್ಕೆ ಹಸಿರನ್ನೆಲ್ಲ ಅಳಿಸು ಎಂದೆ. ಅಳಿಸಿತು. ನೋಡುತ್ತೇನೆ, ರತ್ನಕ್ಕನ ಎರಡು ಅಂಗೈಗಳೂ ತೋಳಿಗೆ ಸಂಬಂಧವಿಲ್ಲದೆ ಗಾಳಿಯಲ್ಲಿ ಕೈಮುಗಿದು ನಿಂತಿವೆ! ಮಣಿಕಟ್ಟಿನ ಜಾಗದಲ್ಲಿ ಬೂದು ಬಿಳಿ ಚೌಕಳಿ. ಬೆಳಕು ಸಾಲದೆ ಹೀಗಾಗಿರಬೇಕು, ಬಟ್ಟೆಯ ಹಸಿರು ಕೈಗೆ ಪ್ರತಿಫಲಿಸಿರಬೇಕು ಎಂದುಕೊಂಡೆ. ಇಂಥ ತೂತುಗಳು ನನಗೇನು ಹೊಸತೇ? ಪಕ್ಕದ ಚರ್ಮದ ಬಣ್ಣವನ್ನೇ ಎಳೆದೆಳೆದು ತುಂಬಿ, ನಲವತ್ತೆಂಟರಲ್ಲೂ ಮಣಿಕಟ್ಟುಗಳನ್ನು ಹೊಸದಾಗಿ ಬಿಡಿಸಿದೆ. ಅದೇ ಹುರುಪಿನಲ್ಲಿ ಇಬ್ಬರ ಭುಜಗಳ ನಡುವೆ ಅಂಟಿಕೊಂಡಂತಿದ್ದ ಜಾಗವನ್ನೂ ಬಿಡಿಸಿ, ನವಿಲೋ ಮಲ್ಲಿಗೆಯೋ ಚೆನ್ನಾಗಿ ಕಾಣಲೆಂದು ಒಂದು ಸಂದು ಮಾಡಿದೆ. ನೊರೆಯ ಸುಳಿವಿಲ್ಲ, ಹಲ್ಲಿಲ್ಲ, ಸುಕ್ಕಿಲ್ಲ. ಅಷ್ಟು ಚೊಕ್ಕಟವಾದ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ, ಮತ್ತು ಅದನ್ನು ನಾಲ್ಕು ಜನಕ್ಕೆ ತೋರಿಸಿಯೂ ಬಂದೆ. ಬೆಳಗ್ಗೆ ಹತ್ತಕ್ಕೆ ರತ್ನಕ್ಕನ ಮನೆಗೆ ಕಳಿಸಿ, ಹೊಗಳಿಕೆಗಾಗಿ ಫೋನನ್ನು ಕೈಯಲ್ಲೇ ಹಿಡಿದು ಕೂತೆ.

ಫೋನು ಬಂದದ್ದು ಮುನಿರಾಜಣ್ಣನಿಂದ. "ನೋಡ್ದೆ ಕಣಮ್ಮ. ವಸಿ ದಪ್ಪ ಕಾಣ್ತೀನಿ, ಓಗ್ಲಿ. ಆದ್ರೆ ನಾನಿನ್ನೂ ಇವ್ನೀ ಕಣಮ್ಮಾ!" ಎಂದು ನಕ್ಕರು, ನಗು ಕೆಮ್ಮಾಯಿತು, ಫೋನಿಟ್ಟರು. ಏನೆಂದು ತಿಳಿಯದೆ ಚಿತ್ರವನ್ನು ಮತ್ತೆ ತೆರೆದೆ. ನವಿಲಿನ ಮುಂದೆ ರತ್ನಕ್ಕ ಕೈ ಎತ್ತಿ ಮುಗಿದಳು, ಇಳಿಸಿದಳು, ಮತ್ತೆ ಎತ್ತಿದಳು. ಎರಡು ಕೈಯೂ ಬರಿದು. ವಿಡಿಯೋ ತೆಗೆಯುವ ಹಿಂದಿನ ದಿನ ಅವರ ಮನೆಯಲ್ಲಿ ಬಳೆ ಶಾಸ್ತ್ರವಾಗಿತ್ತು. ಬಳೆಗಾರ್ತಿ ಬಂದು ಮನೆಯ ಮುತ್ತೈದೆಯರಿಗೆಲ್ಲ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ ಹೋಗಿದ್ದಳು, ನನಗೂ ತೊಡಿಸಿದ್ದಳು. ಆ ಬಳೆಗಳು ಘಲ್ಲೆನ್ನುತ್ತಿರುವಾಗಲೇ ನಾನು ಕುಳಿತು, ಆ ಕೈಯಿಂದಲೇ ರತ್ನಕ್ಕನ ಬಳೆಗಳನ್ನು ಅಳಿಸಿದ್ದೆ! ಮೂಗುಬೊಟ್ಟಿನ ಹರಳಿನ ಬಣ್ಣ ತೋರಿಸಿದವಳಿಗೆ, ನೋಡಿದವಳಿಗೆ, ಇಬ್ಬರಿಗೂ ಕೈಬಳೆಯ ನೆನಪಾಗಲಿಲ್ಲ. ನಮ್ಮ ಕಡೆಯ ಹೆಂಗಸಿಗೆ ಹಸಿರು ಬಳೆ ಉಗುರಿನ ಹಾಗೆ. ಉಗುರಿಗೆ ಬಣ್ಣವಿದೆ ಎಂದು ಯಾರು ಯೋಚಿಸುತ್ತಾರೆ? ಆದರೆ ಆಪರೇಷನ್ ಆದ ಗಂಡನ ಪಕ್ಕದಲ್ಲಿ ಬರಿಗೈಯಲ್ಲಿ ನಿಂತ ಹೆಂಡತಿಯ ಚಿತ್ರವನ್ನು ಮಂಟಪದ ಬಾಗಿಲಲ್ಲಿ ನೋಡಿದವರು ಏನು ಯೋಚಿಸುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಂಜೆ ಮುನಿರಾಜಣ್ಣನಿಗೆ ಉಸಿರು ಕಟ್ಟಿ ಮತ್ತೆ ಆಸ್ಪತ್ರೆಗೆ ಸೇರಿಸಿದರು. ಒಂದಕ್ಕೊಂದು ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದರೂ ಎರಡು ದಿನ ನಾನು ಯಂತ್ರದ ಮುಂದೆ ಕೂರಲಿಲ್ಲ.

ಮೂರನೆಯ ಬೆಳಗ್ಗೆ ರತ್ನಕ್ಕ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ವಾಸಿಯಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನನ್ನ ತೆಗ್ದಾಕ್ಬುಡು ಸುಮಾ. ಅವ್ರೊಬ್ರೇ ಇರ್ಲಿ. ನನ್ ಕೈ ಯಾರೂ ನೋಡೋದ್ ಬ್ಯಾಡ" ಎಂದಳು. ಮದುವೆಗೆ ಇನ್ನು ಐದು ದಿನ. ಮತ್ತೆ ವಿಡಿಯೋ ತೆಗೆಯೋಣವೆಂದರೆ ಮುನಿರಾಜಣ್ಣ ಹಾಸಿಗೆಯಲ್ಲಿ. ಅವಳು ಹೇಳಿದಂತೆ ಮಾಡುವುದು ನನಗೆ ಐದು ನಿಮಿಷದ ಕೆಲಸ, ಆದರೆ ಹಾಗೆ ಅಳಿಸಿದರೆ ಆಮೇಲೆ ಯಾವ ಮುಖ ಹೊತ್ತು ಹಿಂದಿನ ಬೀದಿಗೆ ಹೋಗುವುದು? "ಇಲ್ಲ ಅಕ್ಕ, ಬಳೆನೆಲ್ಲ ವಾಪಸ್ ಹಾಕ್ತೀನಿ. ನೀನು ಇಲ್ಲೇ ಕೂತ್ಕೋ, ಒಂದೊಂದಾಗಿ ಹೇಳು" ಎಂದೆ.

ಹೇಳಿದ್ದು ಸುಲಭ. ಮೂಲ ವಿಡಿಯೋದಲ್ಲಿ ಬಳೆಯ ಹಸಿರೂ ಬಟ್ಟೆಯ ಹಸಿರೂ ಒಂದರೊಳಗೊಂದು ಬೆರೆತು, ಎಲ್ಲಿ ಬಟ್ಟೆ ಮುಗಿದು ಎಲ್ಲಿ ಗಾಜು ಶುರುವಾಗುತ್ತದೆಂದು ಯಂತ್ರಕ್ಕೆ ಮಾತ್ರವೇ ಏಕೆ, ನನಗೂ ತಿಳಿಯುತ್ತಿರಲಿಲ್ಲ. ಕೈಯಿಂದಲೇ ಬಿಡಿಸಬೇಕು, ಅದೂ ನಲವತ್ತೆಂಟು ಸಲ. ನೋಡಿಕೊಂಡು ಬಿಡಿಸಲು ರತ್ನಕ್ಕನೇ ಗತಿ. ಹೀಗಾಗಿ ಎರಡು ಬೆಳಗ್ಗೆ ಅವಳು ನನ್ನ ಪಕ್ಕದಲ್ಲಿ ಕೂತು, ಕೈಗಳನ್ನು ಚೂರುಚೂರಾಗಿ ಮೇಲೆತ್ತುತ್ತ, ತಡೆದು ನಿಲ್ಲಿಸುತ್ತ, ನನಗೇ ಕೈಮುಗಿದುಕೊಂಡಿದ್ದಳು. ಕಾಫಿ ತಂದ ನಮ್ಮತ್ತೆ ಆ ಭಂಗಿ ನೋಡಿ, "ಇವಳ್ಯಾವ ದೇವ್ರು ಅಂತ ಕೈ ಮುಗೀತಿದ್ದೀಯೇ ರತ್ನಾ?" ಎಂದರು. ಮೂರು ದಿನದಲ್ಲಿ ರತ್ನಕ್ಕ ಮೊದಲ ಸಲ ನಕ್ಕಳು. ಬಲಗೈಗೆ ಒಂಬತ್ತು, ಎಡಗೈಗೆ ಹತ್ತು. ಒಂದು ಕೈಗೆ ಒಂದು ಜಾಸ್ತಿ ತೊಡುವುದು ಅವರ ಮನೆಯ ಪದ್ಧತಿ. ನಾನು ಅವಸರದಲ್ಲಿ ಎಂಟು ಬಿಡಿಸಿದರೆ, "ಇನ್ನೊಂದ್ ಬುಟ್ಟೆ" ಎಂದು ಪರದೆಗೆ ಬೆರಳು ಒತ್ತಿ ತೋರಿಸುತ್ತಿದ್ದಳು.

ಮೂವತ್ತನೆಯ ಚಿತ್ರದ ಹತ್ತಿರ ಅವಳು ಬಳೆಯನ್ನು ಬಿಟ್ಟು ಬೇರೇನನ್ನೋ ದಿಟ್ಟಿಸಿದಳು. "ಇಲ್ಯಾಕೆ ನಡುವೆ ಸಂದು ಬುಟ್ಟೀಯ? ಅವತ್ತು ಅವ್ರು ಬೀಳ್ತಾರೆ ಅಂತ ಇಂಗೆ ಒತ್ಕಂಡ್ ನಿಂತಿದ್ನಲ್ಲ." ಅವಳು ಹೇಳಿದ ಮೇಲೆ ಮೂಲವನ್ನು ತೆರೆದು ನೋಡಿದೆ. ಹೌದು, ಅಲ್ಲಿ ಸಂದೇ ಇರಲಿಲ್ಲ. ಕೆಂಪು ಸೀರೆಗೂ ಬಿಳಿ ಅಂಗಿಗೂ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲದಂತೆ ಇಬ್ಬರೂ ಆತುಕೊಂಡಿದ್ದರು. ಚೊಕ್ಕಟದ ಹುಚ್ಚಿನಲ್ಲಿ ನಾನು ಬಳೆಗಳನ್ನಷ್ಟೇ ಅಳಿಸಿರಲಿಲ್ಲ. ನನಗೆ ನಾಚಿಕೆಯಾಯಿತು, ಆ ನಾಚಿಕೆಯನ್ನು ಅವಳಿಗೆ ಹೇಳಿಯೂ ಬಿಟ್ಟೆ. "ಓಗ್ಲಿ ಬುಡು, ಮುಚ್ಚು ಈಗ" ಎಂದಳು. ಮುಚ್ಚಿದೆ. ಭುಜಗಳು ಕೂಡುವಲ್ಲಿ ಅಂಚು ಒರಟಾಗಿಯೇ ಉಳಿಯಿತು, ಅದನ್ನು ಉಜ್ಜಲು ಹೋಗಲಿಲ್ಲ.

ಮದುವೆಯ ಬೆಳಗ್ಗೆ ಯಲಹಂಕದ ಮಂಟಪಕ್ಕೆ ನಾನು ಎಲ್ಲರಿಗಿಂತ ಮೊದಲೇ ಹೋದೆ. ಬಾಗಿಲ ಪಕ್ಕದ ಪರದೆಯಲ್ಲಿ ಮಲ್ಲಿಗೆಯ ಮುಂದೆ ಇಬ್ಬರೂ ಕೈಮುಗಿಯುತ್ತಿದ್ದರು. ಬಲಗೈಗೆ ಒಂಬತ್ತು, ಎಡಗೈಗೆ ಹತ್ತು, ಪ್ರತಿಯೊಂದರ ಮೇಲೂ ಬೆಳಕಿನ ಚುಕ್ಕೆಯೊಂದನ್ನಿಟ್ಟಿದ್ದೆ. ದೊಡ್ಡ ಪರದೆಯಲ್ಲಿ ಅವು ನಿಜದ ಬಳೆಗಿಂತ ಚೆನ್ನಾಗಿ ಹೊಳೆದವು. ಯಾರಾದರೂ ಬಂದು ನೋಡಿ ಒಂದು ಮಾತು ಹೇಳಲಿ ಎಂದು, ಸುಳ್ಳೇಕೆ, ಕಂಬದ ಪಕ್ಕ ಕಾದು ನಿಂತಿದ್ದೆ.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಒಂದೇ ಗಂಟೆ, ಕುರ್ಚಿ ಬಿಟ್ಟು ಏಳಕೂಡದು ಎಂಬ ಕರಾರಿನ ಮೇಲೆ ಡಾಕ್ಟರು ಮುನಿರಾಜಣ್ಣನನ್ನು ಕಳಿಸಿದ್ದರು. ರತ್ನಕ್ಕ ಅವರ ಕಂಕುಳಿಗೆ ಕೈಕೊಟ್ಟು ಇಳಿಸಿ, ಹೆಜ್ಜೆ ಹೆಜ್ಜೆಯಾಗಿ ನಡೆಸಿಕೊಂಡು ಬಂದು, ಯಾರೋ ತಂದಿಟ್ಟ ಕುರ್ಚಿಯಲ್ಲಿ ಕೂರಿಸಿದಳು. ಅವರು ಏದುಸಿರು ಬಿಡುತ್ತ ಪರದೆಯನ್ನು ನೋಡಿದರು, ತುಟಿ ಅಲುಗಾಡಿಸುತ್ತ ಎಣಿಸಿದರು, ಚಿತ್ರ ಕೈ ಇಳಿಸಿದಾಗ ಲೆಕ್ಕ ತಪ್ಪಿ ಮತ್ತೆ ಎಣಿಸಿದರು. ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯ ಎಡಗೈ ಹಿಡಿದು, "ಅಲ್ಲಿ ಅತ್ತು ಬಳೆ ಐತೆ, ನಿನ್ ಕೈಲಿ ಆರೇ ಐತಲ್ಲಮ್ಮೀ" ಎಂದರು.

ರತ್ನಕ್ಕ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಮಣಿಕಟ್ಟಿನ ಮೇಲೆ ಗಾಜು ಗೀರಿದ ಕೆಂಪು ಗೆರೆಯಿತ್ತು. ಅವಳಿಗೆ ಅದೂ ಆಗಲೇ ಗೊತ್ತಾದದ್ದು. ಬರಿಗೈಯ ಚಿತ್ರಕ್ಕೆ ತನ್ನನ್ನೇ ತೆಗೆದುಹಾಕು ಎಂದವಳು ಈಗ ಏನು ಮಾಡುತ್ತಾಳೋ ಎಂದು ನಾನು ಮುಂದಕ್ಕೆ ಹೋದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, "ಕಾರಿಂದ ಇಳಿಸ್ವಾಗ ಒಡ್ದೋಗಿರ್ಬೇಕು. ನೀವೇನ್ ಹಗುರ್ವಾಗಿದ್ದೀರಾ? ಓಗ್ಲಿ, ನೆಟ್ಟಗ್ ಕೂತ್ಕಳಿ, ಬೀಗ್ರು ಬಂದ್ರು" ಎಂದಳು.

ಬೀಗರು ಬಂದರು, ಅವರ ಹಿಂದೆ ಊರೆಲ್ಲ ಬಂದಿತು. ಮುನಿರಾಜಣ್ಣ ಕೂತಲ್ಲಿಂದಲೇ ಕೈಮುಗಿದರು, ರತ್ನಕ್ಕ ಅವರ ಹೆಗಲಿಗೆ ಆನಿಕೊಂಡು ನಿಂತು ಎರಡು ಕೈಯೂ ಎತ್ತಿ, "ಬನ್ರೀ, ಬನ್ರೀ" ಎಂದಳು. ಕುರ್ಚಿಯನ್ನು ಪರದೆಗೆ ಸರಿಯಾಗಿ ಅಡ್ಡ ಇಟ್ಟಿದ್ದರು, ಅದನ್ನು ಸರಿಸಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಮನಸ್ಸೂ ಬರಲಿಲ್ಲ. ನನ್ನ ನಲವತ್ತೆಂಟು ಚಿತ್ರಗಳನ್ನು ಆ ಒಂದು ಗಂಟೆ ಯಾರೂ ನೋಡಲಿಲ್ಲ.